ಮಾಫು ಎಂಬ ಅರ್ಧ ಮಾತು

ಗಾದಿ ಕೊಳ್ಳುವಾಗ ಮೇಲಿನ ಬಟ್ಟೆಯ ಹೂವು ನೋಡಿ ಮರುಳಾಗಬೇಡಿ. ಒಂದು ಮೂಲೆಯ ಹೊಲಿಗೆ ಬಿಚ್ಚಿಸಿ, ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ಹತ್ತಿ ಹೊರಗೆ ತೆಗೆದು ಬಿಸಿಲಿಗೆ ಹಿಡಿಯಿರಿ. ಅಂಗಡಿಯವರು ಬೇಡ ಎಂದರೆ ಎದ್ದು ಬನ್ನಿ. ಚಳ್ಳಕೆರೆಯಲ್ಲಿ ಮೂವತ್ತು ವರ್ಷದಿಂದ ಗಾದಿ, ದಿಂಬು ಮಾರುತ್ತಿರುವ ನಾನೇ ಹೇಳುತ್ತಿದ್ದೇನೆ, ನನ್ನ ಅಂಗಡಿಯಲ್ಲೂ ಹಾಗೆಯೇ ಮಾಡಿ. ಬೂರುಗದ ಹತ್ತಿ ತರುವವರು ತೂಕ ಬರಲೆಂದು ಚೀಲಕ್ಕೆ ನೀರು ಚಿಮುಕಿಸಿರುತ್ತಾರೆ. ಚೀಲವನ್ನು ಕೆನ್ನೆಗೆ ಒತ್ತಿದರೆ ಸಾಕು, ಎಷ್ಟು ಹತ್ತಿ ಎಷ್ಟು ನೀರು ಎಂದು ನನಗೆ ತಿಳಿಯುತ್ತದೆ. ಯಾರದೇ ಮಾತನ್ನಾದರೂ ಒಮ್ಮೆ ತಿರುಗಿಸಿ ನೋಡದೆ ನಾನು ನಂಬುವವಳಲ್ಲ ಎಂದುಕೊಂಡಿದ್ದೆ. ಒಂದೇ ಒಂದು ಮಾತನ್ನು ಮಾತ್ರ ಹದಿಮೂರನೇ ವಯಸ್ಸಿನಲ್ಲಿ ಕೇಳಿದವಳು ಐವತ್ತು ದಾಟುವವರೆಗೆ ಬಿಚ್ಚಿ ನೋಡಲಿಲ್ಲ. ಆ ಮಾತು ‘ಮಾಫು.’

ನಾವು ಪಿಂಜಾರರು. ಹತ್ತಿ ಹಿಂಜುವುದು ನಮ್ಮ ಕುಲಕಸುಬು. ಧರ್ಮ ಇಸ್ಲಾಂ ಆದರೂ ಮನೆಯಲ್ಲಿ ಆಡುವುದು ಕನ್ನಡ, ತಾಯಿಯನ್ನು ಕರೆಯುವುದು ಅವ್ವ ಎಂದು. ಊರಿನ ಉರ್ದು ಮಾತಾಡುವ ಮುಸ್ಲಿಮರು ನಮ್ಮನ್ನು ನೋಡಿ ನಗುವುದುಂಟು. ನಮ್ಮ ಕಡೆಯ ಹೆಂಗಸರಿಗೆ ಓದಿಸಿದವರಿಲ್ಲ, ಕೂರಿಸಿಕೊಂಡು ಹೇಳಿದವರಿಲ್ಲ. ಮಸೀದಿಯಲ್ಲಿ ಗಂಡಸರು ಕೇಳಿದ್ದರಲ್ಲಿ ನಮಗೆ ಬೇಕಾದದ್ದು ಮನೆಯವರೆಗೆ ಬರುತ್ತಿರಲಿಲ್ಲ. ಹಾಗಾಗಿ ಏನು ಮಾಡಬಹುದು, ಏನು ಮಾಡಬಾರದು ಎಂಬುದೆಲ್ಲ ನಮಗೆ ಬಂದದ್ದು ಕಿವಿಯಿಂದ ಕಿವಿಗೆ, ಅದೂ ಒಲೆಯ ಮುಂದೆ, ಪಿಸುಮಾತಿನಲ್ಲಿ.

ನನ್ನ ತವರು ಮೊಳಕಾಲ್ಮುರಿನಲ್ಲಿ, ನಾನು ದೊಡ್ಡವಳಾದ ಮೇಲೆ ಬಂದ ಮೊದಲ ರಂಜಾನ್ ತಿಂಗಳು. ಮಧ್ಯಾಹ್ನ ರೋಜಾದಲ್ಲಿ, ಎಂದರೆ ಉಪವಾಸದಲ್ಲಿ, ಇದ್ದಾಗಲೇ ಮುಟ್ಟಾಯಿತು. ಅವ್ವನಿಗೆ ಹೇಳಿದೆ. ಅವಳು ನನ್ನನ್ನು ಹತ್ತಿಯ ಅಂಡಿಗೆಗಳ ಹಿಂದಕ್ಕೆ ಕರೆದುಕೊಂಡು ಹೋಗಿ, ಒಂದು ಚೊಂಬು ನೀರು, ಬೆಳಗಿನ ಜಾವ ಮಿಕ್ಕಿದ್ದ ಒಂದು ರೊಟ್ಟಿ ಕೊಟ್ಟಳು.

"ಕುಡಿ. ಈ ದಿನ ಎಲ್ಲಾ ಮಾಫು. ಅಪ್ಪನಿಗೆ, ತಮ್ಮನಿಗೆ ಕಾಣದಂಗೆ ತಿನ್ನು, ಅಷ್ಟೆ."

ಮಾಫು ಎಂದರೆ ನಮ್ಮ ಕಡೆ ಏನು ಅರ್ಥ ಎಂದು ನಿಮಗೂ ಗೊತ್ತು. ಸರ್ಕಾರ ಕಂದಾಯ ಮಾಫಿ ಮಾಡಿತು ಎಂದರೆ ಮುಗಿಯಿತು, ಮತ್ತೆ ಯಾರೂ ಬಾಗಿಲಿಗೆ ಬರುವುದಿಲ್ಲ. ನಾನೂ ಹಾಗೆಯೇ ತಿಳಿದೆ. ಗಾಳಿಯಲ್ಲಿ ಹಾರುತ್ತಿದ್ದ ಹತ್ತಿಯ ಎಳೆ ರೊಟ್ಟಿಗೆ ಅಂಟಿಕೊಂಡು ಬಾಯಿಗೆ ಬರುತ್ತಿತ್ತು, ಉಗಿದರೆ ಸದ್ದಾಗುತ್ತದೆಂದು ನುಂಗಿದೆ. ಸಂಜೆ ಎಲ್ಲರ ಜೊತೆ ಕೂತು, ಇಡೀ ದಿನ ಉಪವಾಸವಿದ್ದವಳ ಹಾಗೆ ಮುಖ ಮಾಡಿಕೊಂಡು ಖರ್ಜೂರ ತಿಂದೆ. ಅಪ್ಪ ನನ್ನ ತಲೆ ಸವರಿದ. ಆಮೇಲೆ ಪ್ರತಿ ವರ್ಷವೂ ಹೀಗೆಯೇ ನಡೆಯಿತು. ಹದಿನಾರಕ್ಕೆ ಮದುವೆಯಾಗಿ ಚಳ್ಳಕೆರೆಗೆ ಬಂದೆ. ಇಲ್ಲಿಯೂ ಐದಾರು ದಿನ ಬಿಡುವುದು, ಕದ್ದು ಉಣ್ಣುವುದು, ತಿಂಗಳು ಮುಗಿದರೆ ಹಬ್ಬ ಮಾಡುವುದು.

ನಾನೊಬ್ಬಳೇ ಹಾಗೆ ಬದುಕಿದ್ದರೆ ಈ ಕಥೆ ಇಷ್ಟು ದೊಡ್ಡದಾಗುತ್ತಿರಲಿಲ್ಲ. ಕೇಳದಿದ್ದರೂ ಸಲಹೆ ಕೊಡುವುದು ನನ್ನ ಹುಟ್ಟುಗುಣ. ಬಾಣಂತಿಗೆ ಯಾವ ದಿಂಬು, ಬೆನ್ನುನೋವಿಗೆ ಎಷ್ಟು ಗಟ್ಟಿಯ ಗಾದಿ, ಅತ್ತೆಯ ಜೊತೆ ಯಾವ ವಿಷಯಕ್ಕೆ ಜಗಳ ಆಡಬೇಕು, ಯಾವುದಕ್ಕೆ ಬಿಡಬೇಕು, ಎಲ್ಲ ಹೇಳುತ್ತಿದ್ದೆ. ನಮ್ಮ ಬೀದಿಯ ಹುಡುಗಿಯರು ತಾಯಿಯ ಹತ್ತಿರ ಕೇಳಲಾಗದ್ದನ್ನು ನನ್ನ ಅಂಗಡಿಯ ಹಿಂದಿನ ಕೋಣೆಗೆ ಬಂದು ಕೇಳುತ್ತಿದ್ದರು. ಅವರಿಗೆಲ್ಲ ನಾನು ಅದೇ ಮಾತು ಕೊಟ್ಟು ಕಳಿಸಿದೆ. ನನ್ನ ಮಗಳಿಗೆ ಹೇಳಿದೆ, ಸೊಸೆಗೆ ಹೇಳಿದೆ. ಮಾಫು, ಆರಾಮಾಗಿರು.

ಹೋದ ವರ್ಷ ರಂಜಾನ್‌ಗೆ ಇನ್ನೂ ಕೆಲವು ವಾರ ಇತ್ತು. ಪಕ್ಕದ ಬೀದಿಯ ಒಂದು ಮನೆಗೆ ಸೊಸೆಯಾಗಿ ಬಂದವಳು ಹೆಣ್ಣುಮಕ್ಕಳ ಮದರಸಾದಲ್ಲಿ ವರ್ಷಗಟ್ಟಲೆ ಓದಿದ ಆಲಿಮಾ, ಎಂದರೆ ಧರ್ಮದ ಓದು ಮುಗಿಸಿದ ಹೆಣ್ಣು. ವಯಸ್ಸು ನನ್ನ ಮಗಳಷ್ಟು. ಶುಕ್ರವಾರ ಮಧ್ಯಾಹ್ನ ಮಹಡಿಯ ಮೇಲೆ ಹೆಂಗಸರನ್ನು ಕೂರಿಸಿಕೊಂಡು ಮಸಲೆ ಹೇಳಿಕೊಡುತ್ತಾಳೆ. ಇಂಥ ಸಂದರ್ಭ ಬಂದರೆ ಧರ್ಮದ ಪ್ರಕಾರ ಏನು ಮಾಡಬೇಕು ಎಂಬ ತೀರ್ಮಾನಕ್ಕೆ ಮಸಲೆ ಎನ್ನುತ್ತಾರೆ. ಕೂರಲು ಇಪ್ಪತ್ತು ತೆಳು ಗಾದಿ ಬೇಕೆಂದು ನನಗೆ ಹೇಳಿ ಕಳಿಸಿದ್ದಳು. ಆಟೋದಲ್ಲಿ ಹೇರಿಕೊಂಡು ಹೋಗಿ ನಾನೇ ಹೊತ್ತು ಮೇಲೆ ಹತ್ತಿಸಿದೆ. ಆಲಿಮಾ ಒಂದು ಗಾದಿಯ ಮೂಲೆ ಬಿಚ್ಚಿಸಿ ಹತ್ತಿ ನೋಡಿದಳು. ಅದು ನನಗೆ ಹಿಡಿಸಿತು. ಬೆಲೆ ಮಾತಾಡಿ ಮುಗಿಸಿ, ಬಿಸಿಲು ಇಳಿಯಲಿ ಎಂದು ಅಲ್ಲಿಯೇ ಒಂದು ಗಾದಿಯ ಮೇಲೆ ಕೂತೆ.

ಅಷ್ಟರಲ್ಲಿ ಆ ಶುಕ್ರವಾರದ ಪಾಠಕ್ಕೆ ಹೆಂಗಸರು ಬಂದು ಕೂತರು. ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ತಲೆ ತಗ್ಗಿಸಿ ಕೇಳಿದಳು, ಮುಟ್ಟಿನ ದಿನಗಳಲ್ಲಿ ರೋಜಾ ಬಿಟ್ಟುಹೋದರೆ ಏನು ಮಾಡಬೇಕು ಎಂದು. ಪಾಠ ಹೇಳುವವಳು ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

"ಅದನ್ನೇನು ಕೇಳ್ತೀಯವ್ವ, ಆ ದಿನ ಎಲ್ಲಾ ಮಾಫು. ಉಂಡು ಆರಾಮಾಗಿರು."

ಆಲಿಮಾ ನನ್ನ ಕಡೆ ತಿರುಗಿ ನಕ್ಕಳು. ನಾನು ಇನ್ನೂ ಹೇಳಿ ಮುಗಿಸಿಲ್ಲ ಎಂದುಕೊಂಡಿದ್ದಳು. "ಆಮೇಲೆ, ಖಾಲಾ?" ಎಂದಳು. ಉರ್ದುವಿನವರು ಚಿಕ್ಕಮ್ಮನಿಗೆ ಖಾಲಾ ಎನ್ನುತ್ತಾರೆ.

"ಆಮೇಲೇನು? ಸ್ನಾನ ಮಾಡಿ ಮತ್ತೆ ಶುರು ಮಾಡೋದು."

"ಬಿಟ್ಟವು?"

"ಬಿಟ್ಟವು ಮಾಫು ಅಲ್ವೇನಮ್ಮ."

ಅವಳ ನಗು ನಿಂತಿತು. "ನಮಾಜ್ ಮಾಫ್, ಖಾಲಾ. ರೋಜಾ ಮಾಫ್ ಅಲ್ಲ. ರೋಜಾ ಮುಂದಕ್ಕೆ ಹೋಗ್ತದೆ, ಅಷ್ಟೆ. ರಂಜಾನ್ ಆದ್ಮೇಲೆ ಒಂದೊಂದಾಗಿ ಇಟ್ಟು ತೀರಿಸಬೇಕು. ಕಜಾ ಅಂತಾರೆ."

ಇದು ಯಾವಾಗ ಬಂದ ಕಾನೂನು ಎಂದು ಕೇಳಿದೆ. ಮೊದಲಿಂದಲೂ ಇದೆ ಎಂದಳು. ಸುತ್ತ ಕೂತಿದ್ದ ಹೆಂಗಸರ ಮುಖ ನೋಡಿದೆ. ಕೇಳಿದ ಹುಡುಗಿಯನ್ನು ಬಿಟ್ಟರೆ ಹದಿನೈದು ಜನರಲ್ಲಿ ಒಬ್ಬಳ ಮುಖದಲ್ಲೂ ಆ ಮಾತಿಗೆ ಆಶ್ಚರ್ಯ ಇರಲಿಲ್ಲ. ಅವರಿಗೆಲ್ಲ ಗೊತ್ತಿತ್ತು. ನನಗೆ ಗೊತ್ತಿಲ್ಲದ್ದೇ ಅವರಿಗೆ ಆಶ್ಚರ್ಯ. ಕೂತ ಗಾದಿಯ ಅಂಚನ್ನು ಹಿಡಿದುಕೊಂಡೆ. ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗಿತ್ತು. ಹದಿಮೂರರಿಂದ, ಮುಟ್ಟು ನಿಂತ ನಲವತ್ತೆಂಟರವರೆಗೆ. ವರ್ಷಕ್ಕೆ ಐದಾರು ದಿನ. ಬಾಣಂತನದಲ್ಲಿ, ಹಾಲೂಡಿಸುವಾಗ ಬಿಟ್ಟವು ಬೇರೆ. ಎಲ್ಲ ಸೇರಿ ಇನ್ನೂರರ ಹತ್ತಿರ. ನಾನು ಏನೂ ಬಾಕಿ ಉಳಿಸಿಲ್ಲ ಎಂದುಕೊಂಡಿದ್ದ ಜಾಗದಲ್ಲಿ ಇನ್ನೂರು ದಿನ ನಿಂತಿದ್ದವು.

ನನ್ನಂಥವಳು ಹೆದರಿದಾಗ ಮಾಡುವುದು ಒಂದೇ ಕೆಲಸ, ಚೌಕಾಸಿ. ಬಡವರಿಗೆ ಊಟ ಹಾಕಿಸುತ್ತೇನೆ, ರೋಜಾ ಬಿಡಿಸು ಎಂದೆ. ಅದಕ್ಕೆ ಫಿದಿಯಾ ಅನ್ನುತ್ತಾರೆ, ಅದು ಇನ್ನೆಂದೂ ಉಪವಾಸ ಇರಲಾಗದ ಮುದುಕರಿಗೆ, ವಾಸಿಯಾಗದ ಕಾಯಿಲೆಯವರಿಗೆ ಮಾತ್ರ ಎಂದಳು. ನನಗೂ ಮಂಡಿನೋವು ಇದೆ ಎಂದೆ.

"ಖಾಲಾ, ಈಗ ತಾನೆ ಇಪ್ಪತ್ತು ಗಾದಿ ಹೊತ್ತು ಮಹಡಿ ಹತ್ತಿದ್ರಿ."

ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು. ಗೊತ್ತಿಲ್ಲದೆ ಬಿಟ್ಟವಳಿಗೆ ಏನೂ ರಿಯಾಯಿತಿ ಇಲ್ಲವೇ ಎಂದೆ. ಗೊತ್ತಿರಲಿಲ್ಲ ಎಂದು ದೇವರ ಹತ್ತಿರ ಕ್ಷಮೆ ಕೇಳಿಕೊಳ್ಳಿ, ಆದರೆ ರೋಜಾ ಅಲ್ಲಿಯೇ ಇರುತ್ತವೆ ಎಂದಳು. ಸರಿಯಾದ ಲೆಕ್ಕ ಗೊತ್ತಿಲ್ಲದಿದ್ದರೆ ಮನಸ್ಸಿಗೆ ಒಪ್ಪುವಷ್ಟು ಹಿಡಿಯಬೇಕು, ಜಾಸ್ತಿಯ ಕಡೆಗೆ ಹಿಡಿಯಬೇಕು. ಒಟ್ಟಿಗೆ ಇಡಬೇಕೆಂದೇನೂ ಇಲ್ಲ, ವಾರಕ್ಕೊಂದು ಇಟ್ಟರೂ ನಡೆಯುತ್ತದೆ. ಬೆಳಕು ಹರಿಯುವ ಮೊದಲೇ ಇದು ಕಜಾ ರೋಜಾ ಎಂದು ಮನಸ್ಸಿನಲ್ಲಿ ನಿಯತ್ತು, ಎಂದರೆ ಸಂಕಲ್ಪ, ಮಾಡಿಕೊಂಡಿರಬೇಕು. ನಮಾಜ್ ಬಿಟ್ಟು ರೋಜಾ ಮಾತ್ರ ಯಾಕೆ ಹಿಡಿದುಕೊಂಡರು ಎಂದು ಕೇಳಿದೆ. ನಮಾಜ್ ದಿನಕ್ಕೆ ಐದು, ತಿಂಗಳು ತಿಂಗಳೂ ಅಷ್ಟನ್ನು ತೀರಿಸುವುದು ಹೆಂಗಸಿಗೆ ಭಾರ. ರೋಜಾ ವರ್ಷಕ್ಕೊಮ್ಮೆ ಬರುವುದು, ಅದನ್ನು ಹೊರಬಹುದು ಎಂದು ದೊಡ್ಡವರು ವಿವರಿಸಿದ್ದಾರೆ ಎಂದಳು.

ಆಗ ಅವ್ವನ ನೆನಪಾಯಿತು. ನನಗೆ ಮಾಫು ಎಂದು ಹೇಳಿದವಳು ಅವಳು. ಅಂದರೆ ಅವಳೂ ಇಟ್ಟಿಲ್ಲ. ಎಪ್ಪತ್ತೈದು ದಾಟಿದೆ, ಹತ್ತಿಯ ದೂಳು ಕುಡಿದು ಕುಡಿದು ಉಬ್ಬಸ, ಜೊತೆಗೆ ಸಕ್ಕರೆ ಕಾಯಿಲೆ. ಹೊತ್ತುಹೊತ್ತಿಗೆ ಗುಳಿಗೆ ನುಂಗುವ ಹೆಂಗಸು. ನಾನು ಒಂದೂ ರೋಜಾ ಬಾಕಿ ಇಟ್ಟುಕೊಂಡಿಲ್ಲ, ನೆಮ್ಮದಿಯಾಗಿ ಹೋಗುತ್ತೇನೆ ಎಂದು ಎಲ್ಲರ ಮುಂದೆ ಹೇಳಿಕೊಳ್ಳುವವಳು. ಅವಳ ಪಾಲಿನದನ್ನು ನಾನು ಇಡಬಹುದೇ ಎಂದು ಕೇಳಿದೆ. ಆಗುವುದಿಲ್ಲ, ಒಬ್ಬರ ರೋಜಾ ಇನ್ನೊಬ್ಬರು ಇಡಲು ಬರುವುದಿಲ್ಲ, ಅವರಿಗೆ ಫಿದಿಯಾ ಇದೆ ಎಂದಳು. ಹಾಗಾದರೆ ಅವಳ ಹೆಸರಿನಲ್ಲಿ ನಾನೇ ಸುಮ್ಮನೆ ಊಟ ಹಾಕಿಸಿ ಮುಗಿಸುತ್ತೇನೆ, ಅವಳಿಗೆ ಹೇಳುವುದೇ ಬೇಡ ಎಂದೆ.

"ಅವರು ಬದುಕಿದ್ದಾರೆ, ಖಾಲಾ. ಅವರು ಒಪ್ಪಿ, ಕೊಡು ಅಂತ ಹೇಳಬೇಕು. ಹೇಳದೆ ಕೊಟ್ರೆ ಅದು ನಿಮ್ಮ ದಾನ ಆಗ್ತದೆ, ಅವರ ಫಿದಿಯಾ ಆಗಲ್ಲ."

ಎಲ್ಲ ದಾರಿಯೂ ಅಲ್ಲಿಗೆ ಮುಚ್ಚಿತು. ಸಾವಿನ ಹತ್ತಿರ ಕೂತ ತಾಯಿಗೆ, ನೀನು ಇಡೀ ಜೀವಮಾನ ತಪ್ಪಾಗಿ ತಿಳಿದಿದ್ದೆ ಎಂದು ನಾನೇ ಹೋಗಿ ಹೇಳಬೇಕಿತ್ತು.

ಮರುದಿನ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಮೊಳಕಾಲ್ಮುರಿನ ಬಸ್ ಹತ್ತಿದೆ. ತಳಕು, ಬಿ.ಜಿ. ಕೆರೆ, ಹಾನಗಲ್, ಊರಿಂದ ಊರಿಗೆ ಮಾತು ಜೋಡಿಸಿದೆ, ಜೋಡಿಸಿದ್ದನ್ನು ಕೆಡಿಸಿದೆ. ಗಿರಾಕಿಗೆ ಕೆಟ್ಟ ಸುದ್ದಿ ಹೇಳುವುದು ನನಗೆ ಕಷ್ಟವಲ್ಲ. ಮೊದಲು ಒಳ್ಳೆಯದನ್ನು ಹೇಳಿ, ಆಮೇಲೆ ಕೆಟ್ಟದ್ದನ್ನು ಅರ್ಧ ದನಿಯಲ್ಲಿ ಹೇಳಬೇಕು. ತಾಯಿಗೆ ಹಾಗೆ ಹೇಳಲು ಬರುವುದಿಲ್ಲ ಎಂದು ಬಸ್ಸಿನಲ್ಲಿಯೇ ಗೊತ್ತಾಯಿತು.

ಅವ್ವ ತಮ್ಮನ ಮನೆಯ ಮುಂದೆ ಮಂಚದ ಮೇಲೆ ಕೂತು ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಜಗಳವಾಡುತ್ತಿದ್ದಳು. ತಮ್ಮ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಒಳಗೆ ಮುದ್ದೆಗೆ ಎಸರಿಟ್ಟಿದ್ದಳು. ಉಂಡಾಯಿತು. ಅವ್ವನ ಕಾಲು ಒತ್ತಿದೆ. ಸೊಂಟ ಒತ್ತಿದೆ. ಏನೋ ಇದೆ ಎಂದು ಅವಳಿಗೆ ತಿಳಿದಿತ್ತು. ವ್ಯಾಪಾರದ ದಿನ ಅಂಗಡಿ ಬಿಟ್ಟು ಬರುವ ಮಗಳು ಇವಳಲ್ಲ ಎಂದು ಸೊಸೆಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕೊನೆಗೆ ಹೇಳಿದೆ. ಆಲಿಮಾ ಹೇಳಿದ ಮಸಲೆ, ನಮಾಜ್ ಮಾಫು, ರೋಜಾ ಅಲ್ಲ, ನಿನಗೆ ಮೈ ತಡೆಯುವುದಿಲ್ಲ, ಅದಕ್ಕೆ ಫಿದಿಯಾ ಅಂತ ಒಂದು ದಾರಿ ಇದೆ, ನೀನು ಹೂಂ ಅನ್ನು, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ. ಒಂದೇ ಉಸಿರಿಗೆ ಹೇಳಿ ಮುಗಿಸಿ ಅವಳ ಮುಖ ನೋಡಿದೆ.

ಅವಳು ಹೆದರಲಿಲ್ಲ. ಅಳಲೂ ಇಲ್ಲ. ಹುಬ್ಬು ಗಂಟಿಕ್ಕಿದಳು.

"ನಾನು ಇಟ್ಟಿಲ್ಲ ಅಂತ ನಿಂಗ್ಯಾರು ಹೇಳಿದ್ದು?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪಕ್ಕದ ಮನೆಯ ಲಿಂಗಾಯತರ ಅಜ್ಜಿ ಸೋಮವಾರ ಸೋಮವಾರ ಒಪ್ಪೊತ್ತು ಇರುತ್ತಿದ್ದಳು. ಅವ್ವ ತನ್ನ ಬಾಕಿ ರೋಜಾಗಳನ್ನು ಸೋಮವಾರಕ್ಕೆ ಹೊಂದಿಸಿಕೊಂಡಿದ್ದಳು. ಆ ಅಜ್ಜಿ ಒಬ್ಬಳಿಗೆ ಮಾತ್ರ ವಿಷಯ ಗೊತ್ತಿತ್ತು. ಮನೆಯಲ್ಲಿ ಕೇಳಿದರೆ, ಆಯಮ್ಮ ಉಣ್ಣಲ್ಲ, ನನಗೂ ಸೇರಲ್ಲ ಎನ್ನುವುದು. ನನಗೆ ಥಟ್ಟನೆ ನೆನಪಾಯಿತು. ಸೋಮವಾರ ಅವ್ವ ಉಣ್ಣದಿದ್ದುದನ್ನು ನೋಡಿದ್ದೇನೆ, ಶಿವನಿಗೆ ಒಕ್ಕಲಾಗಿದ್ದೀಯ ಎಂದು ನಾನೇ ಗೇಲಿ ಮಾಡಿದ್ದೇನೆ.

"ನಿಮ್ಮಪ್ಪ ಬೈತಿದ್ದ, ನಮ್ಮ ದೀನು ಬಿಟ್ಟು ಅವರ ವಾರ ಹಿಡ್ಕಂಡಿದ್ದೀಯ ಅಂತ. ಬೈಸ್ಕಂಡೆ. ಮುಟ್ಟಿನ ರೋಜಾ ಅಂತ ಗಂಡಸಿಗೆ ಹೆಂಗೆ ಹೇಳ್ಲಿ."

ಧರ್ಮ ಪಾಲಿಸುತ್ತಿದ್ದ ಹೆಂಗಸು, ಧರ್ಮ ಬಿಟ್ಟವಳೆಂದು ಗಂಡನಿಂದ ಬೈಸಿಕೊಳ್ಳುವುದೇ ಮೇಲು ಎಂದುಕೊಂಡಿದ್ದಳು. ಅವನು ಸಾಯುವವರೆಗೂ ಹೇಳಲಿಲ್ಲ. ಹಾಗಾದರೆ ನನಗೆ ಮಾಫು ಎಂದದ್ದು ಯಾಕೆ ಎಂದು ಕೇಳಿದೆ.

"ನೀನು ಅವತ್ತು ಹಸಿದಿದ್ದೆ. ಅವತ್ತಿಗೆ ಮಾಫು ಅಂದೆ. ಮಿಕ್ಕಿದ್ದು ಅತ್ತೆ ಹೇಳ್ತಾಳೆ. ನಮ್ಮಲ್ಲಿ ಹಂಗೇ ಅಲ್ವ. ನಂಗೂ ಅವ್ವ ಅರ್ಧ ಹೇಳಿದ್ಲು, ಅತ್ತೆ ಅರ್ಧ ಹೇಳಿದ್ಲು."

ನನ್ನ ಅತ್ತೆ ನನ್ನ ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಅತ್ತೆಯ ಕಾಟ ಇಲ್ಲದ ಮನೆ ಸಿಕ್ಕಿತು ಎಂದು ಇದೇ ಅವ್ವ ಊರೆಲ್ಲ ಹೇಳಿಕೊಂಡು ಸಂತೋಷಪಟ್ಟಿದ್ದಳು. ಒಲೆಯ ಹತ್ತಿರದಿಂದ ತಮ್ಮನ ಹೆಂಡತಿ ಮೆಲ್ಲಗೆ, "ನಂಗೆ ಅತ್ತೆ ಹೇಳಿದ್ರು ಅಕ್ಕ, ಮದುವೆ ಆದ ವರ್ಷಾನೇ," ಎಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ನನಗೆ ಚುರುಕ್ ಎಂದಿತು. ಹೊರಗಿನಿಂದ ಬಂದವಳಿಗೆ ಇಡೀ ಮಾತು ಸಿಕ್ಕಿತ್ತು, ಹೊಟ್ಟೆಯ ಮಗಳಿಗೆ ಅರ್ಧ.

ಅವ್ವನ ಕಣ್ಣು ನನ್ನ ಮೇಲೇ ನೆಟ್ಟಿತ್ತು. ಬೆರಳ ಗೆಣ್ಣುಗಳನ್ನು ಹೆಬ್ಬೆರಳಿನಿಂದ ಮುಟ್ಟುತ್ತ ಎಣಿಸುತ್ತಿದ್ದಳು. ಎಣಿಕೆ ನಿಂತಿತು.

"ಹಂಗಾದ್ರೆ ನೀನು ಒಂದೂ ಇಟ್ಟಿಲ್ಲ."

"ಇಲ್ಲವ್ವ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಬ್ಬಸ ಶುರುವಾಯಿತು. ಬೆನ್ನು ನೀವಿದೆ, ನೀರು ಕೊಟ್ಟೆ. ಉಸಿರು ಸಿಕ್ಕಿದ ಕೂಡಲೇ ಅವಳು ಹೇಳಿದ್ದು, ನಿನ್ನವನ್ನು ನಾನು ಇಡುತ್ತೇನೆ, ತಪ್ಪು ನನ್ನದು ಎಂದು. ಅವಳ ಮೈಯಲ್ಲಿ ಒಂದು ದಿನದ ಉಪವಾಸಕ್ಕೂ ಶಕ್ತಿ ಇರಲಿಲ್ಲ. ಒಬ್ಬರದು ಇನ್ನೊಬ್ಬರು ಇಡುವ ಹಾಗಿಲ್ಲ, ನಾನು ಕೇಳಿ ಬಂದಿದ್ದೇನೆ ಎಂದೆ. ನೀನು ಯಾಕೆ ಕೇಳಿದೆ ಎಂದಳು. ನಿನ್ನವನ್ನು ನಾನು ಇಡೋಣ ಅಂತ ಕೇಳಿದ್ದೆ ಎಂದೆ. ಅವಳನ್ನು ಸಮಾಧಾನ ಮಾಡಲು ಹೋದವಳು, ಅವಳ ತಲೆಯ ಮೇಲೆ ನನ್ನ ಇನ್ನೂರು ದಿನದ ಭಾರವನ್ನು ಇಟ್ಟು ಸಂಜೆಯ ಬಸ್ಸಿಗೆ ಬಂದೆ.

ಚಳ್ಳಕೆರೆಗೆ ಬಂದ ಮೇಲೆ ನನಗೆ ಇನ್ನೊಂದು ಕೆಲಸವಿತ್ತು. ಮಗಳಿಗೆ ಫೋನು ಮಾಡಿ ಹೇಳಿದೆ. ಅವಳ ಗಂಡನ ಅಕ್ಕ ಮೊದಲೇ ಹೇಳಿದ್ದಳಂತೆ, ನಿನಗೆ ಬೇಜಾರಾಗುತ್ತದೆ ಎಂದು ನಾನು ಸುಮ್ಮನಿದ್ದೆ ಎಂದಳು. ಸೊಸೆಗೆ ಊಟದ ಹೊತ್ತಿನಲ್ಲಿ ಹೇಳಿದೆ. ಮುಟ್ಟು ಎಂಬ ಮಾತು ಕಿವಿಗೆ ಬೀಳುತ್ತಲೇ ಮಗ ತಟ್ಟೆ ಹಿಡಿದು ಎದ್ದ. ಕೂತ್ಕೋ, ನೀನೂ ಕೇಳು ಎಂದೆ. ನಮ್ಮ ಮನೆಯಲ್ಲಿ ಯಾವ ಗಂಡಸೂ ಕೂತು ಕೇಳದ ಮಾತು ಅದು. ಅವನು ತಟ್ಟೆ ನೋಡುತ್ತ ಕೂತ.

"ನೀವೇ ಅಲ್ವ ಅತ್ತೆ, ಮಾಫು ಅಂದಿದ್ದು?" ಎಂದಳು ಸೊಸೆ.

"ನಾನೇ. ತಪ್ಪು ಹೇಳಿದ್ದೆ."

ತಪ್ಪು ಹೇಳಿದ್ದೆ ಎಂಬ ಎರಡು ಪದ ಆಡಲು ನನಗೆ ಇಷ್ಟು ಕಷ್ಟವಾಗುತ್ತದೆಂದು ಗೊತ್ತಿರಲಿಲ್ಲ. ಮನೆಯೊಳಗೆ ಆಡಿದ ಮೇಲೆ ಬೀದಿಯಲ್ಲೂ ಆಡಿದೆ. ನೆನಪಿದ್ದವರ ಮನೆಗಳಿಗೆಲ್ಲ ಹೋದೆ. ಕೆಲವರು ಬೇರೆಯವರಿಂದ ತಿಳಿದುಕೊಂಡಿದ್ದರು, ನನ್ನೆದುರು ಹೇಳಲು ಸಂಕೋಚಪಟ್ಟಿದ್ದರು. ಒಬ್ಬಳು ಮಾತ್ರ, ಎರಡು ಮಕ್ಕಳ ತಾಯಿ, ಬಾಗಿಲಲ್ಲೇ ನಿಲ್ಲಿಸಿ, "ನಿಮ್ಮ ಮಾತು ನಂಬಿ ಹನ್ನೊಂದು ವರ್ಷ ತಿಂದಿದ್ದೀನಿ," ಎಂದಳು. ಒಳಗೆ ಕರೆಯಲಿಲ್ಲ. ಇವತ್ತಿಗೂ ನನ್ನ ಅಂಗಡಿಗೆ ಬರುವುದಿಲ್ಲ. ನಿಮ್ಮ ಹತ್ತಿರ ಯಾರಾದರೂ ಧರ್ಮದ ಮಾತು ಕೇಳಲು ಬಂದರೆ ನನ್ನ ಸಲಹೆ ಇಷ್ಟೇ: ಓದಿದವರನ್ನು ಕೇಳಿ ಹೇಳುತ್ತೇನೆ ಎನ್ನಿ. ಹಾಗೆಂದರೆ ಮರ್ಯಾದೆ ಹೋಗುವುದಿಲ್ಲ.

ವಾರಕ್ಕೊಂದರಂತೆ ಇಡುವುದೆಂದು ನಿಶ್ಚಯಿಸಿ, ಅವ್ವನಿಗೂ ಹೇಳಿಸಿ, ಮೊದಲನೆಯದನ್ನು ಆ ಸೋಮವಾರವೇ ಇಟ್ಟೆ. ಎರಡನೇ ವಾರ ಅವ್ವ ಫೋನು ಮಾಡಿದಳು. ಅವಳಾಗಿ ಫೋನು ಮಾಡುವುದು ಅಪರೂಪ, ನಂಬರನ್ನು ತಮ್ಮನ ಹೆಂಡತಿ ಒತ್ತಿ ಕೊಟ್ಟಿರಬೇಕು.

"ಲೆಕ್ಕ ಹಾಕ್ದೆ. ವಾರಕ್ಕೊಂದು ಅಂದ್ರೆ ನಾಕು ವರ್ಷ ಆಗ್ತೈತೆ. ನಾಕು ವರ್ಷ ನಾನಿರಲ್ಲ. ವಾರಕ್ಕೆರಡು ಇಡು."

ಮಸಲೆಯಲ್ಲಿ ಅಂಥ ಗಡುವು ಏನೂ ಇಲ್ಲ, ನಿಧಾನವಾಗಿ ಇಡಬಹುದು ಎಂದೆ.

"ಮಸಲೆದು ಬಿಡು. ನಿನ್ನವು ಮುಗಿದಿದ್ದು ನಾನು ಕೇಳಿಸ್ಕಂಡು ಹೋಗ್ಬೇಕು."

ಈಗ ಸೋಮವಾರ, ಗುರುವಾರ. ಅಂಗಡಿಗೆ ಟೀ ತರುವವನಿಗೂ ಗೊತ್ತು, ಆ ಎರಡು ದಿನ ನನ್ನ ಲೋಟ ಇಡುವುದಿಲ್ಲ. ಹೊತ್ತು ಮುಳುಗಿ ನಾನು ನೀರು ಕುಡಿಯುವ ಸಮಯಕ್ಕೆ ಸರಿಯಾಗಿ ಫೋನು ಬರುತ್ತದೆ. ಹೇಗಿದ್ದೀಯ ಎನ್ನುವುದಿಲ್ಲ, ಎಷ್ಟನೇದು ಎನ್ನುತ್ತಾಳೆ. ಈ ಗುರುವಾರ ಎಪ್ಪತ್ತೊಂದು ಎಂದೆ. ಆಚೆ ಕಡೆ ಸ್ವಲ್ಪ ಹೊತ್ತು ಉಬ್ಬಸದ ಸದ್ದು ಮಾತ್ರ ಕೇಳಿಸಿತು. ಉಸಿರು ಸಿಕ್ಕಿದ ಮೇಲೆ, "ಸೋಮವಾರ ಬಿಡಬ್ಯಾಡ," ಎಂದಳು.